ನೋಟ್ 4 ಜಾಗಕ್ಕೆ ಏಳೂವರೆ ಸಾವಿರದಲ್ಲಿ ಇನ್ನೊಂದು ಫೋನು: ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಫೋನು ಅಂದರೆ ಕೈಸುಟ್ಟುಕೊಂಡ ಹಾಗೆಯೇ, ಇನ್ನೊಂದೆರಡು ಸಾವಿರ ಹಾಕಿ ಹೊಸದೇ ತಗೋ ಅಂತ ಕೇಳಿದವರೆಲ್ಲ ಹೇಳಿದರು. ವರ್ಷವಾಗುತ್ತಾ ಬಂತು, ನಾನು ತಂದ ಸೆಕೆಂಡ್ ಹ್ಯಾಂಡ್ ರೆಡ್ಮಿ ನೋಟ್ 10 ಪ್ರೊ ಗಟ್ಟಿಯಾಗಿದೆ. ಹಾಗೆ ಹೇಳಿದವರಲ್ಲಿ ಇಬ್ಬರು ಈಗ "ನಮಗೂ ಒಂದು ನೋಡಿಕೊಡಿ" ಅನ್ನುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹಳೆಯ ಫೋನು ರೆಡ್ಮಿ ನೋಟ್ 4, 2017ರ ಸ್ನಾಪ್‌ಡ್ರ್ಯಾಗನ್ 625 ಮಾಡೆಲ್ಲು. ಅದನ್ನು ಬಳಸಿದವರಿಗೆ ವಿವರಿಸಬೇಕಿಲ್ಲ: 4100 ಎಂಎಎಚ್ ಬ್ಯಾಟರಿ, ಬಿಸಿಯಾಗದ ಪ್ರೊಸೆಸರ್ ಚಿಪ್ಪು, ಲೋಹದ ಬೆನ್ನು, ಹೆಡ್‌ಫೋನ್ ತೂತು, ಮೇಲ್ಗಡೆ ಟಿವಿ ರಿಮೋಟಿನ ಹಾಗೆ ಕೆಲಸ ಮಾಡುವ ಐಆರ್ (ಇನ್ಫ್ರಾರೆಡ್) ದೀಪ. ಬಿಎನ್43 ಬ್ಯಾಟರಿ ಇನ್ನೂ ಸಿಗುತ್ತದೆ, ಬದಲಾಯಿಸಿದರೆ ಫೋನು ಏಳುತ್ತದೆ ಕೂಡ. ಆದರೆ ಸಮಸ್ಯೆ ಬ್ಯಾಟರಿಯದಲ್ಲ. ಆಂಡ್ರಾಯ್ಡ್ 7ಕ್ಕೆ ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್‌ಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತವೆ. ಕಸ್ಟಮ್ ರೋಮ್ (ROM), ಅಂದರೆ ಹೊರಗಿನವರು ಸಿದ್ಧಪಡಿಸಿದ ಆಂಡ್ರಾಯ್ಡ್, ಹಾಕಿದರೆ ಆವೃತ್ತಿ ಹೊಸದಾಗುತ್ತದೆ, ಆದರೆ ಬೂಟ್‌ಲೋಡರ್ (ಫೋನಿನ ಸಾಫ್ಟ್‌ವೇರ್ ಬದಲಾಗದಂತೆ ಕಾಯುವ ಬೀಗ) ತೆರೆದಿರುವುದನ್ನು ಅದೇ ಆ್ಯಪ್‌ಗಳು ಪತ್ತೆ ಹಚ್ಚುತ್ತವೆ. ಜೊತೆಗೆ ಬಿಎಸ್‌ಎನ್‌ಎಲ್ 4ಜಿ ಬರುತ್ತಿರುವ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28, ಇದರಲ್ಲಿ ಇಲ್ಲ. ಪೇಟೆಯಲ್ಲಿ ಗೊತ್ತಾಗುವುದಿಲ್ಲ, ಮಲೆನಾಡಿನ ಮೂಲೆಯಲ್ಲಿ ಟವರ್ ಕಣ್ಣೆದುರೇ ಇದ್ದು ಫೋನಿನಲ್ಲಿ ಕಡ್ಡಿ ಬರದಿದ್ದಾಗ ಗೊತ್ತಾಗುತ್ತದೆ.

ಎಂಟು ಒಂಬತ್ತು ಸಾವಿರದ ಹೊಸ ಫೋನುಗಳನ್ನು ನಾನು ಯಾಕೆ ಬಿಟ್ಟೆ ಅಂದರೆ, ಸ್ಟೋರೇಜಿಗೆ. ಡಬ್ಬದ ಮೇಲೆ 128 ಜಿಬಿ ಅಂತ ದಪ್ಪ ಅಕ್ಷರದಲ್ಲಿರುತ್ತದೆ, ಅದು ಇಎಂಎಂಸಿ ಎಂಬ ನಿಧಾನದ ಬಗೆಯೋ ವೇಗದ ಯುಎಫ್‌ಎಸ್ಸೋ ಅಂತ ಮಾತ್ರ ಇರುವುದಿಲ್ಲ. ಇಎಂಎಂಸಿ ಓದುವ ವೇಗ ಸೆಕೆಂಡಿಗೆ 300 ಎಂಬಿ ಆಸುಪಾಸು, ಯುಎಫ್‌ಎಸ್ 2.2 ಅದರ ಮೂರರಷ್ಟು. ಮೊದಲ ಆರು ತಿಂಗಳು ವ್ಯತ್ಯಾಸ ಕಾಣುವುದಿಲ್ಲ. ಸ್ಟೋರೇಜು ಮುಕ್ಕಾಲು ತುಂಬಿದ ಮೇಲೆ ಯುಪಿಐ ಸ್ಕ್ಯಾನರ್ ತೆರೆಯುವಷ್ಟರಲ್ಲಿ ಹಿಂದೆ ನಿಂತವರು ಗೊಣಗಲು ಶುರು ಮಾಡುತ್ತಾರೆ. ಈ ದರದ ಅನೇಕ ಫೋನುಗಳಲ್ಲಿ ಪರದೆ 720ಪಿ, ನಿಜವಾದ ಜೈರೋಸ್ಕೋಪ್ (ಫೋನು ತಿರುಗುವುದನ್ನು ಅಳೆಯುವ ಸೆನ್ಸರ್) ಇಲ್ಲ, ಎಷ್ಟೋ ಕಡೆ ದಿಕ್ಸೂಚಿಯೂ ಇಲ್ಲ. ಮ್ಯಾಪಿನಲ್ಲಿ ನಿಂತಲ್ಲೇ ತಿರುಗಿದರೆ ಬಾಣ ತಿರುಗುವುದಿಲ್ಲ. ಹೊಸ ಫೋನಿನ ದುಡ್ಡು ಕೊಟ್ಟು 2017ರ ಫೋನಿಗಿಂತ ಕಳಪೆ ಪರದೆ ತರುವುದು ಯಾವ ಲೆಕ್ಕ?

ಹಾಗಾಗಿ ಹಳೆಯದರಲ್ಲಿ ದಿನಾ ಬಳಸುವುದನ್ನು ಮಾತ್ರ ಪಟ್ಟಿ ಮಾಡಿದೆ: ಹೆಡ್‌ಫೋನ್ ತೂತು, ಐಆರ್, ಎಸ್‌ಡಿ ಕಾರ್ಡು, ದಿನ ದಾಟುವ ಬ್ಯಾಟರಿ. ಕ್ಯಾಮೆರಾ ಪಟ್ಟಿಯಲ್ಲೇ ಇಲ್ಲ. ಪಿಕ್ಸೆಲ್ 4ಎ ತುಂಬಾ ಆಸೆ ಹುಟ್ಟಿಸಿತು, 143 ಗ್ರಾಂ ತೂಕದ ಚಿಕ್ಕ ಫೋನು. ಆದರೆ ಐಆರ್ ಇಲ್ಲ, ಕಾರ್ಡಿಗೆ ಜಾಗವಿಲ್ಲ, ಬ್ಯಾಟರಿ 3140. ಸಾಲದ್ದಕ್ಕೆ 2025ರ ಜನವರಿಯಲ್ಲಿ ಗೂಗಲ್ಲೇ ಅಪ್‌ಡೇಟ್ ಕಳಿಸಿ ಕೆಲವು ಫೋನುಗಳ ಬ್ಯಾಟರಿ ಸಾಮರ್ಥ್ಯ ತಗ್ಗಿಸಿತು. ಪೋಕೊ ಎಫ್1ನ ಚಿಪ್ಪು ಇವತ್ತಿಗೂ ಓಡುತ್ತದೆ, ಆದರೆ ಅದಕ್ಕೂ ಐಆರ್ ಇಲ್ಲ, ಮತ್ತೆ 2018ರ ಫೋನನ್ನು ಈಗ ಕೊಳ್ಳುವುದು ವಯಸ್ಸಾದ ಎತ್ತನ್ನು ಸಂತೆಯಿಂದ ತಂದ ಹಾಗೆ. ಕೊನೆಗೆ ನಿಂತಿದ್ದು ರೆಡ್ಮಿ ನೋಟ್ 10 ಪ್ರೊ: 2021ರ ಮಾರ್ಚಿನದು, ಸ್ನಾಪ್‌ಡ್ರ್ಯಾಗನ್ 732ಜಿ, ಯುಎಫ್‌ಎಸ್ 2.2, ಅಮೊಲೆಡ್ ಪರದೆ, 5020 ಎಂಎಎಚ್. ತೂತು, ಐಆರ್, ಎರಡು ಸಿಮ್ಮಿನ ಜೊತೆ ಕಾರ್ಡಿಗೆ ಬೇರೆಯೇ ಜಾಗ, ಎಲ್ಲಾ ಇದೆ. ಅಧಿಕೃತವಾಗಿ ಆಂಡ್ರಾಯ್ಡ್ 13ಕ್ಕೆ ನಿಂತಿದೆ. 5ಜಿ ಇಲ್ಲ. ಈ ಎರಡಕ್ಕೆ ಒಪ್ಪದವರು ಇಲ್ಲಿಗೇ ಬಿಡಬಹುದು.

ಒಂದು ಗೊಂದಲ ಮೊದಲೇ ಹೇಳಿಬಿಡುತ್ತೇನೆ. ಹೊರದೇಶಗಳಲ್ಲಿ ನೋಟ್ 10 ಪ್ರೊ ಅಂತ ಮಾರಿದ್ದು ನಮ್ಮಲ್ಲಿ ಪ್ರೊ ಮ್ಯಾಕ್ಸ್, 108 ಮೆಗಾಪಿಕ್ಸೆಲಿನದು. ನಮ್ಮ ಪ್ರೊ 64 ಮೆಗಾಪಿಕ್ಸೆಲಿನದು. ಮ್ಯಾಕ್ಸ್ ರೇಟು ಹೇಳಿ ಪ್ರೊ ಕೊಡುವವರಿದ್ದಾರೆ. ಕ್ಯಾಮೆರಾ ತೆರೆದು 108ರ ಆಯ್ಕೆ ಇದೆಯಾ ನೋಡಿದರೆ ಮುಗಿಯಿತು. ಇಂಡಿಯಾದ್ದು, ಹೊರಗಿನದು ಎರಡರಲ್ಲೂ ಬ್ಯಾಂಡ್ ಪಟ್ಟಿ ಒಂದೇ ಇರಬೇಕೆಂದಿಲ್ಲ. ನಿಮ್ಮೂರಲ್ಲಿ ಓಡಬೇಕಾದ ಸಿಮ್ಮನ್ನು ಜೇಬಲ್ಲಿಟ್ಟುಕೊಂಡು ಹೋಗಿ ಅಲ್ಲೇ ಹಾಕಿ, *#*#4636#*#* ಒತ್ತಿ ನೆಟ್‌ವರ್ಕ್ ಯಾವುದಕ್ಕೆ ಅಂಟಿಕೊಂಡಿದೆ ನೋಡಿ, ಒಂದು ಕರೆ ಮಾಡಿ. ಕರೆಯ ಹೊತ್ತಿನಲ್ಲಿ 4ಜಿ ಹಾಗೇ ಉಳಿದರೆ ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ, ಸರಿ ಇದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ನ್ಯಾಷನಲ್ ಮಾರ್ಕೆಟ್ಟಿನಲ್ಲೂ 6/128ಕ್ಕೆ (6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜು) ಏಳರಿಂದ ಎಂಟೂವರೆ ಸಾವಿರದವರೆಗೆ ಹೇಳುತ್ತಿದ್ದರು. ನನಗೆ ಸಿಕ್ಕಿದ್ದು 6,200ಕ್ಕೆ, ಬಿಲ್ಲು ಬಾಕ್ಸು ಸಮೇತ. ಹೇಗೆ ಇಳಿಸಿದೆ ಅನ್ನುವುದನ್ನು ಪೂರ್ತಿ ಹೇಳುವುದಿಲ್ಲ, ಎಲ್ಲರೂ ಅದನ್ನೇ ಮಾಡಿದರೆ ನಾಳೆ ನನಗೇ ಗಿಟ್ಟುವುದಿಲ್ಲ. ಇಷ್ಟು ಮಾತ್ರ: ಬ್ಯಾಟರಿ ಸವೆದಿರುವ, ಪರದೆ ಒರಿಜಿನಲ್ ಇರುವ ಫೋನನ್ನು ಹುಡುಕಬೇಕು. ಬ್ಯಾಟರಿ ಸವೆದಿದೆ ಅಂತ ತೋರಿಸಿ ಬೆಲೆ ಇಳಿಸಬಹುದು, ಬ್ಯಾಟರಿ ನಮ್ಮ ಕೈಲಾಗುವ ಕೆಲಸ. ಪರದೆ ಹಾಗಲ್ಲ.

ಪರದೆ ಒಡೆದ ಫೋನು ಎರಡೂವರೆ ಸಾವಿರಕ್ಕೆ ಸಿಗುತ್ತದೆ, ಹಾಕಿಸಿಕೊಂಡರೆ ಲಾಭ ಅನ್ನುವ ಲೆಕ್ಕ ಎಲ್ಲರ ತಲೆಗೂ ಬರುತ್ತದೆ. ಒರಿಜಿನಲ್ ಅಮೊಲೆಡ್ ಫ್ರೇಮ್ ಸಮೇತ ನಾಲ್ಕರಿಂದ ಐದು ಸಾವಿರ ಹೇಳುತ್ತಾರೆ. ಕೂಲಿ ಸೇರಿದರೆ ಒಳ್ಳೆಯ ಫೋನಿನ ಬೆಲೆಯನ್ನೇ ದಾಟುತ್ತದೆ. ಒಂದೂವರೆ ಸಾವಿರದ್ದು ಎಲ್‌ಸಿಡಿ ಕಾಪಿ. ಅದನ್ನು ಹಾಕಿ ಮಾರಲು ತಂದ ಫೋನು ಅಂಗಡಿ ಬೆಳಕಲ್ಲಿ ಚೆನ್ನಾಗಿಯೇ ಕಾಣುತ್ತದೆ. ಪೂರ್ತಿ ಕಪ್ಪು ಚಿತ್ರವೊಂದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು, ಬ್ರೈಟ್‌ನೆಸ್ ತುಂಬಾ ಏರಿಸಿ, ಫೋನನ್ನು ಅಂಗಿಯೊಳಗೋ ಚೀಲದೊಳಗೋ ಹಿಡಿದು ಇಣುಕಿ ನೋಡಿ. ಅಮೊಲೆಡ್ ಆದರೆ ಪರದೆ ಇದೆಯೋ ಇಲ್ಲವೋ ತಿಳಿಯದಷ್ಟು ಕತ್ತಲು. ಕಾಪಿ ಆದರೆ ಬೂದು ಬಣ್ಣ, ಅಂಚಿನಿಂದ ಬೆಳಕು ಒಸರುತ್ತದೆ. ಆಮೇಲೆ ಪೂರ್ತಿ ಬಿಳಿ ಚಿತ್ರ ಹಾಕಿ: ಕೀಬೋರ್ಡಿನ ನೆರಳು, ಮೇಲೆ ಗಡಿಯಾರದ ನೆರಳು ಕಂಡರೆ ಬರ್ನ್-ಇನ್, ಅಂದರೆ ಪರದೆಯಲ್ಲಿ ಅಳಿಸಲಾಗದಂತೆ ಉಳಿದ ಗುರುತು. ಹಸಿರು ಗೆರೆ ಕೂದಲೆಳೆಯಷ್ಟಿದ್ದರೂ ಮುಟ್ಟಬೇಡಿ, ಪರದೆ ಬದಲಿಸುವುದು ಬಿಟ್ಟು ಅದಕ್ಕೆ ಬೇರೆ ಔಷಧಿ ಇಲ್ಲ.

ಉಳಿದ ಪರೀಕ್ಷೆಗಳು ಗೊತ್ತಿರುವವೇ. *#06# ಒತ್ತಿ ಬಂದ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬಾಕ್ಸಿನದಕ್ಕೆ ತಾಳೆಯಾಗಬೇಕು. ಇಂಗ್ಲಿಷಿನಲ್ಲಿ KYM ಅಂತ ಬರೆದು, ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬ್ಲ್ಯಾಕ್‌ಲಿಸ್ಟ್ ಅಥವಾ ಡ್ಯುಪ್ಲಿಕೇಟ್ ಅಂತ ಬಂದರೆ ಎದ್ದು ಬನ್ನಿ, ಚೌಕಾಸಿಗೆ ಕೂರಬೇಡಿ. ಫೋನು ಆಫ್ ಮಾಡಿ ಆನ್ ಮಾಡುವಾಗ ಲೋಗೋ ಜೊತೆ ತೆರೆದ ಬೀಗದ ಚಿತ್ರ ಬಂದರೆ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ. *#*#6484#*#*ನಲ್ಲಿ ಸ್ಪರ್ಶ, ಸ್ಪೀಕರ್, ಸೆನ್ಸರ್ ಎಲ್ಲಾ ಒಂದೊಂದಾಗಿ ಓಡಿಸಿ. ಐಆರ್ ಪರೀಕ್ಷೆಗೆ ಟಿವಿ ಬೇಕಿಲ್ಲ: ರಿಮೋಟ್ ಆ್ಯಪಿನಲ್ಲಿ ಯಾವುದಾದರೂ ಗುಂಡಿ ಒತ್ತುತ್ತಾ, ಈ ಫೋನಿನ ಐಆರ್ ಇರುವ ತುದಿಯನ್ನು ಇನ್ನೊಂದು ಫೋನಿನ ಸೆಲ್ಫಿ ಕ್ಯಾಮೆರಾಗೆ ಹಿಡಿದರೆ ನೇರಳೆ ಚುಕ್ಕಿ ಮಿನುಗುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಅದಕ್ಕೆ ಫಿಲ್ಟರ್ ಇರುತ್ತದೆ. ಕೊನೆಗೆ ಮಾರುವವರೇ ತಮ್ಮ ಗೂಗಲ್ ಮತ್ತು ಮಿ ಖಾತೆ ತೆಗೆದು ನಿಮ್ಮೆದುರೇ ರೀಸೆಟ್ ಮಾಡಬೇಕು. "ಮನೆಗೆ ಹೋಗಿ ಪಾಸ್‌ವರ್ಡ್ ಕಳಿಸ್ತೀನಿ" ಅಂದರೆ ದುಡ್ಡನ್ನೂ ಮನೆಗೆ ಹೋಗಿಯೇ ಕಳಿಸಿ.

ಬ್ಯಾಟರಿ ಎಷ್ಟು ಸವೆದಿದೆ ಅಂತ ತಿಳಿಯಲು *#*#6485#*#*. ಅದರಲ್ಲಿ MF_02 ಚಾರ್ಜ್ ಸೈಕಲ್ಲು (ಎಷ್ಟು ಸಲ ಪೂರ್ತಿ ಚಾರ್ಜ್ ಆಗಿದೆ ಅನ್ನುವ ಲೆಕ್ಕ), 05 ಈಗಿನ ಸಾಮರ್ಥ್ಯ, 06 ಕಾರ್ಖಾನೆಯದು. ನನ್ನದರಲ್ಲಿ ಸೈಕಲ್ಲು ಒಂಬೈನೂರರ ಮೇಲಿತ್ತು, ಸಾಮರ್ಥ್ಯ ಮೂರೂವರೆ ಸಾವಿರದ ಹತ್ತಿರ. ಅದನ್ನು ತೋರಿಸಿಯೇ ಎಂಟುನೂರು ಇಳಿಸಿದ್ದು.

ಇನ್ನು ಹೊಸ ಬ್ಯಾಟರಿ. ಬೇಕಾದ್ದು ಬಿಎನ್53. ಹೆಚ್ಚು ಜನ ಎಡವುವುದೂ ಇಲ್ಲೇ. ನಕಲಿ ಬ್ಯಾಟರಿಯ ಹೊದಿಕೆಯ ಮೇಲೂ 5020 ಅಂತಲೇ ಅಚ್ಚಾಗಿರುತ್ತದೆ, ಒಳಗಿನ ಸರ್ಕ್ಯೂಟೂ 5020 ಅಂತಲೇ ಸುಳ್ಳು ಹೇಳುತ್ತದೆ, ಒಳಗಿರುವುದು ನಾಲ್ಕು ಸಾವಿರವೂ ಇಲ್ಲ. ಸಾಮರ್ಥ್ಯ ಸುಳ್ಳು ಹೇಳಬಹುದು, ತೂಕ ಹೇಳುವುದಿಲ್ಲ. ಈ ಗಾತ್ರದ ಅಸಲಿ ಬ್ಯಾಟರಿ 70 ಗ್ರಾಂ ಆಸುಪಾಸು ತೂಗುತ್ತದೆ. ಅಕ್ಕಸಾಲಿಗರ ಬಳಿ ಇರುವಂಥ ಜೇಬಿನ ತಕ್ಕಡಿ ಮುನ್ನೂರಕ್ಕೆ ಸಿಗುತ್ತದೆ. ಒಂದು ಅಂಗಡಿಯ 550 ರೂಪಾಯಿಯದು 56 ಗ್ರಾಂ ತೂಗಿತು, ಇನ್ನೊಂದರ 850ರದ್ದು 71. ಎರಡನೆಯದನ್ನು ತಗೊಂಡೆ. ತಕ್ಕಡಿ ತೆಗೆದಿಟ್ಟಾಗ ಮೊದಲನೆಯ ಅಂಗಡಿಯವರ ಮುಖ ಸಪ್ಪಗಾಗಿದ್ದಂತೂ ನಿಜ.

ಹಾಕುವ ವಿಧಾನ. ಚಾರ್ಜ್ ಶೇಕಡಾ 20ಕ್ಕಿಂತ ಕೆಳಗಿಳಿಸಿ, ಆಫ್ ಮಾಡಿ, ಸಿಮ್ ಟ್ರೇ ತೆಗೆಯಿರಿ. ಬೆನ್ನು ಗಾಜಿನದು, ನೋಟ್ 4ನ ಲೋಹದ ಹಾಗೆ ಒತ್ತಿ ಎಬ್ಬಿಸಿದರೆ ಸೀಳುತ್ತದೆ. ಹೇರ್ ಡ್ರೈಯರನ್ನು ಅಂಚಿನ ಸುತ್ತ ಐದಾರು ನಿಮಿಷ ಆಡಿಸಿ, ಕೈ ತಡೆಯಲಾಗದಷ್ಟು ಬಿಸಿಯಾದ ಮೇಲೆ ಕೆಳಮೂಲೆಯಿಂದ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ, ಅಂಟು ಸಡಿಲವಾಗಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಎರಡು ಹನಿ ಬಿಡಿ. ಬಿಗಿಯಾದ ಕಡೆ ಮತ್ತೆ ಬಿಸಿ, ಮತ್ತೆ ಹನಿ. ಬಲ ಬೇಡ. ಒಳಗಿನ ಕವಚದ ಸ್ಕ್ರೂಗಳು ಎಲ್ಲಾ ಒಂದೇ ಉದ್ದವಲ್ಲ, ಬಿಚ್ಚಿದ ಜಾಗದ ಚಿತ್ರ ಬರೆದ ಕಾಗದದ ಮೇಲೆ ಆಯಾ ಜಾಗಕ್ಕೇ ಇಡಿ. ಉದ್ದನೆಯದು ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡಿನ ಪದರ ತೂತು. ಕವಚ ತೆಗೆದ ಮೇಲೆ ಎಲ್ಲಕ್ಕಿಂತ ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಿ, ಆಮೇಲೆ ಮೇನ್ ಫ್ಲೆಕ್ಸ್ (ಪಟ್ಟಿಯಂಥ ತೆಳು ತಂತಿ). ಬ್ಯಾಟರಿ ಎಬ್ಬಿಸಲು ಇರುವ ಎಳೆಯುವ ಪಟ್ಟಿ ತುಂಡಾದರೆ ಬ್ಯಾಟರಿ ಅಂಚಿಗೆ ಐಪಿಎ ಬಿಟ್ಟು ಕಾಯಿರಿ, ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಬೆನ್ನು ಮುಚ್ಚುವ ಮೊದಲೇ ಆನ್ ಮಾಡಿ ಎಲ್ಲಾ ನೋಡಿಕೊಂಡು, ಬಿ-7000 ಅಂಟು ಸಣ್ಣ ಗೆರೆಯಾಗಿ ಎಳೆದು, ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯಿಡೀ ಬಿಡಿ. ನೀರಿನ ಹನಿಗೆ ಇದ್ದ ರಕ್ಷಣೆ ಇಲ್ಲಿಗೆ ಹೋಯಿತು ಅಂತಲೇ ತಿಳಿಯಿರಿ.

ಯುಎಸ್‌ಬಿ ಮೀಟರ್ (ಚಾರ್ಜರಿನಿಂದ ಎಷ್ಟು ವಿದ್ಯುತ್ ಹೋಯಿತು ಅಂತ ಅಳೆಯುವ ಸಾಧನ) ಇದ್ದರೆ ಎಂಎಎಚ್ ನೋಡಬೇಡಿ, ಚಾರ್ಜಿಂಗ್ ವೋಲ್ಟೇಜ್ ಏರಿಳಿಯುವುದರಿಂದ ಅದು ದಾರಿ ತಪ್ಪಿಸುತ್ತದೆ. ವ್ಯಾಟ್-ಅವರ್ ನೋಡಿ. 5020 ಎಂಎಎಚ್ ಅಂದರೆ 3.87 ವೋಲ್ಟಿಗೆ ಹತ್ತೊಂಬತ್ತೂವರೆ ವ್ಯಾಟ್-ಅವರ್. ಸೊನ್ನೆಯಿಂದ ನೂರಕ್ಕೆ ಮೀಟರಿನಲ್ಲಿ 22–23 ಬಂದರೆ ಸರಿ, ಹೆಚ್ಚಿನದು ದಾರಿಯಲ್ಲಿ ಶಾಖವಾಗಿ ಹೋಗುತ್ತದೆ. ನನ್ನದಕ್ಕೆ 22 ಚಿಲ್ಲರೆ ಬಂತು.

ಖರ್ಚು: ಫೋನು 6,200, ಬ್ಯಾಟರಿ 850, ಅಂಟು ಮತ್ತು ಐಪಿಎ ನೂರೈವತ್ತು, ಕವರ್ರು ಗ್ಲಾಸು ಇನ್ನೂರೈವತ್ತು. ತಕ್ಕಡಿ ಇದರಲ್ಲಿ ಸೇರಿಸಿಲ್ಲ, ಅದು ಮನೆಯಲ್ಲಿ ಏಲಕ್ಕಿ ತೂಗಲೂ ಆಗುತ್ತದೆ.

ಒಗ್ಗಲು ತೊಂದರೆಯಾದ ಒಂದೆರಡು ಇವೆ. ನೋಟ್ 4ಗಿಂತ ಸುಮಾರು 28 ಗ್ರಾಂ ಭಾರ, ಒಂದೇ ಕೈಯಲ್ಲಿ ಮೇಲಿನ ಮೂಲೆ ಎಟುಕುವುದಿಲ್ಲ. ಕರೆ ರೆಕಾರ್ಡ್ ಮಾಡಿದರೆ ಗೂಗಲ್ ಡಯಲರ್ ಆ ಕಡೆಯವರಿಗೂ ಕೇಳುವ ಹಾಗೆ ಸಾರುತ್ತದೆ. ಸುಮ್ಮನಾಗಿಸಲು ದಾರಿ ಇದೆ, ಇಲ್ಲಿ ಬೇಡ. ಥೀಮ್ ಅಂಗಡಿಯ ಚಂದದ ಫಾಂಟು ಹಾಕಿದರೆ ನೋಟಿಫಿಕೇಶನ್‌ನಲ್ಲಿ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಡೀಫಾಲ್ಟ್ ಫಾಂಟೇ ಇರಲಿ.

ಹಳೆಯ ನೋಟ್ 4 ಈಗ ಗೇಟಿನ ಕ್ಯಾಮೆರಾ. ಸದಾ ಚಾರ್ಜಿಗೆ ಸಿಕ್ಕಿಸಿಟ್ಟರೆ ಬ್ಯಾಟರಿ ಉಬ್ಬಿ ಪರದೆಯನ್ನೇ ಎತ್ತುತ್ತದೆ. ರೂಟ್ ಮಾಡಿ (ಫೋನಿನ ಪೂರ್ತಿ ಹಿಡಿತ ಪಡೆದು), ಚಾರ್ಜ್ ಹತೋಟಿಯಲ್ಲಿಡುವ ಎಸಿಸಿ ಅನ್ನುವ ಸಾಫ್ಟ್‌ವೇರ್ ಹಾಕಿ ಶೇಕಡಾ 60ಕ್ಕೆ ಚಾರ್ಜ್ ನಿಲ್ಲಿಸಿದ್ದೇನೆ. ರೂಟ್ ಬೇಡ ಅನ್ನುವವರು ಗೋಡೆಗೆ ಸಿಕ್ಕಿಸುವ ತಿರುಗಣೆ ಟೈಮರ್ ತಂದು ದಿನಕ್ಕೆ ಕೆಲವು ಸಲ ಮಾತ್ರ ಚಾರ್ಜ್ ಕೊಟ್ಟು ನೋಡಬಹುದು. ವೈಫೈ ದೂರವಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ.