ಬಾದಾಮಿ ಕಲ್ಲು ಬಿಟ್ಟು ರೈಲೇ ಬೀಚಿಗೆ: ಇಳಿದ ದಿನ ನಾ ಹೆಂಗ್ ಮಾಡಿದೆ

ನಮ್ಮ ಬಾಗಲಕೋಟಿ ಕಡೆ ಕ್ಲೈಂಬಿಂಗ್ ಹುಚ್ಚಿರೋ ಹುಡುಗರು ಕೇಳ್ತಿರ್ತಾರ, ಅಣ್ಣಾ ಥೈಲ್ಯಾಂಡಿನ ರೈಲೇಗೆ ಹೋದ್ರ ಮೊದಲ ದಿನ ಎಲ್ಲಿಂದ ಶುರು ಮಾಡೋದು ಅಂತ. ನಾ ಹೇಳೋದು ಒಂದ, ಕಲ್ಲು ಆಮ್ಯಾಲ ನೋಡ್ರಿ, ಮೊದ್ಲ ಸಮುದ್ರದ ಉಬ್ಬರ ಇಳಿತದ ಟೈಮ್ ನೋಡ್ಕೋರಿ.

ರೈಲೇ ದ್ವೀಪ ಅಲ್ಲ, ಕ್ರಾಬಿ ಕಡಿ ನೆಲಾನ, ಆದ್ರ ಹಿಂದ ಸುಣ್ಣಕಲ್ಲಿನ ಗುಡ್ಡ ಅಡ್ಡ ನಿಂತಾವು, ರಸ್ತಾ ಇಲ್ಲ, ದೋಣಿನ ಗತಿ. ಬೆಂಗಳೂರಿಂದ ಬ್ಯಾಂಕಾಕ್, ಅಲ್ಲಿಂದ ಕ್ರಾಬಿ, ಆಮ್ಯಾಲ ಆವೊ ನಾಂಗ್ ದಂಡಿಗೆ ಬಂದು ಉದ್ದ ಮೂತಿ ದೋಣಿ ಹತ್ತಿದ್ವಿ. ಹಿಂದ ಬಿಚ್ಚಿಟ್ಟಂಥ ದೊಡ್ಡ ಎಂಜಿನ್, ಅದಕ್ಕ ಉದ್ದನ ರಾಡ್, ರಾಡಿನ ತುದೀಗೆ ಫ್ಯಾನ್, ಡ್ರೈವರ್ ಅದನ್ನ ಎತ್ತಿ ತಿರುಗಿಸ್ತಾನ, ಸಪ್ಪಳಕ್ಕ ಪಕ್ಕದಾಂವ ಮಾತಾಡಿದ್ದು ಕೇಳೂದಿಲ್ಲ. ಮಂದಿ ತುಂಬೂತನ ಬಿಡೂದಿಲ್ಲ, ನಮ್ಮ ಟಂಟಂ ಹಂಗ. ಹದಿನೈದು ನಿಮಿಷದ ದಾರಿ, ಆದ್ರ ನೀರು ಇಳಿದಿದ್ರ ದೋಣಿ ದಂಡಿತನ ಬರೂದಿಲ್ಲ, ಮೊಣಕಾಲ ಮಟ ನೀರಾಗ ಇಳಿಬೇಕು. ಹಗ್ಗ, ಹಾರ್ನೆಸ್ (ಸೊಂಟಕ್ಕ ಕಟ್ಟೋ ಪಟ್ಟಿ), ಶೂ ಎಲ್ಲಾ ಮನಿಯಿಂದ್ಲ ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ಒಯ್ದಿದ್ದೆ, ತಲಿಮ್ಯಾಲ ಇಟ್ಕೊಂಡು ನಡದೆ, ಉಪ್ಪುನೀರು ತಾಗ್ಲಿಲ್ಲ.

ಬ್ಯಾಗ್ ಒಗದು ಸೀದಾ ಹತ್ತೋ ಕಲ್ಲಿನ ಗ್ವಾಡಿ ಹತ್ರ ಓಡ್ಲಿಲ್ಲ. ಬಾದಾಮ್ಯಾಗ ಹೆಂಗ ನೆರಳು ನೋಡಿ ಹತ್ತತೀವಿ ಅಲ್ಲೂ ಹಂಗ, ರೈಲೇ ಈಸ್ಟ್ ಅಂದ್ರ ಮೂಡಣ ದಂಡಿ, ಅಲ್ಲಿಯ ಗ್ವಾಡಿ ಪೂರ್ವಕ್ಕ ಮುಖ ಮಾಡ್ಯಾವು, ಮಧ್ಯಾಹ್ನ ಆದ್ಮ್ಯಾಲ ಬಿಸಿಲು ಸರೀತದ. ಅವಾಗ ಅಲ್ಲಿಯ ಒನ್ ಟು ತ್ರೀ ಅನ್ನೋ ಗ್ವಾಡಿಗೆ ಹೋದೆ, ಹೊಸಬರು ಕಲಿಯೋ ಜಾಗ, ನಾಚಿಕಿ ಪಡಬ್ಯಾಡ್ರಿ. ಹತ್ತೋ ದಾರಿ ಎಷ್ಟು ಕಠಿಣ ಅಂತ ನಂಬರ್ ಕೊಡ್ತಾರ, ಬಾದಾಮ್ಯಾಗ 6ಬಿ ಹತ್ತೋ ನಾನು ಅಲ್ಲಿ ಅದಕ್ಕಿಂತ ಸುಲಭದ 5ರಿಂದ ಶುರು ಮಾಡಿದೆ. ನಮ್ಮ ಕೆಂಪು ಮರಳುಗಲ್ಲು ಬೂಟು ಹಿಡೀತದ, ಅಡ್ಡ ಪದರಿನ ಅಂಚಿಗೆ ಬೆರಳಿಟ್ರ ಸಾಕು. ಅಲ್ಲಿ ಮಂದಿ ಹತ್ತಿ ಹತ್ತಿ ಕಾಲಿಡೋ ಜಾಗ ನುಣ್ಣಗಾಗ್ಯಾವು, ಗಾಳ್ಯಾಗ ಪಸಿ, ಬೆವರು ಹೀರಾಕ ಕೈಗೆ ಚಾಕ್ ಪುಡಿ ಹಚ್ಚಿದ್ದು ಎರಡು ಹೆಜ್ಜಿಗೆ ಅಂಟಂಟು ಆಗ್ತದ. ಮ್ಯಾಲಿಂದ ಜೋತುಬಿದ್ದ ಕಲ್ಲಿನ ಕೊಂಬು ಇರ್ತಾವಲ್ಲ, ಅವನ್ನ ಮೊಣಕಾಲಿನ ನಡುವ ಒತ್ತಿ ಹಿಡದು ಕೈಗೆ ದಮ್ಮು ಕೊಡೋದು, ಇದು ಬಾದಾಮ್ಯಾಗ ಕಲಿಯೂ ಹಂಗಿಲ್ಲ.

ಬೋಲ್ಟ್, ಅಂದ್ರ ಬಿದ್ರ ಹಗ್ಗ ತಡಿಯಾಕ ಕಲ್ಲಿಗೆ ಕೂಡಿಸಿದ ಲೋಹದ ಕೊಂಡಿ, ಇದರ ವಿಷಯ ಮಾತ್ರ ಗಂಭೀರ. ಸಮುದ್ರದ ಉಪ್ಪಿಗೆ ಸ್ಟೇನ್‌ಲೆಸ್ ಸ್ಟೀಲ್ ಒಳಗಿಂದೊಳಗ ಸೀಳ್ತದ, ಹೊರಗ ಫಳಫಳ ಇದ್ರೂ ನಂಬೋ ಹಂಗಿಲ್ಲ, ಅದಕ್ಕ ಅಲ್ಲಿ ಟೈಟಾನಿಯಂ ಬೋಲ್ಟ್ ಅಂಟು ಹಾಕಿ ಕೂಡಿಸ್ಯಾರ. ಮೊದಲನೇ ಬೋಲ್ಟ್ ಕೆಳಗ ನಿಂತ ನೋಡೀನಿ: ಮಾಸಿದ ಬೂದಿ ಬಣ್ಣ, ನಟ್ಟು ಇಲ್ಲ, ಬುಡಕ್ಕ ಅಂಟು ಕಾಣಬೇಕು. ಕಂಡ್ರ ಹತ್ತಿದೆ, ಇಲ್ಲಂದ್ರ ಪಕ್ಕದ ಹತ್ತೋ ದಾರಿಗೆ ಹೋದೆ. ಸಂಜಿಕ್ಕ ಅಲ್ಲಿಯ ಕ್ಲೈಂಬಿಂಗ್ ಅಂಗಡ್ಯಾಗ ಹೊಸ ಗೈಡ್‌ಬುಕ್ ತಗೊಂಡು ಯಾವ ರೂಟಿಗೆ ಹೊಸ ಬೋಲ್ಟ್ ಆಗ್ಯಾವು ಅಂತ ಕೇಳಿ ಪೆನ್ಸಿಲ್ಲಿಂದ ಗುರ್ತು ಹಾಕ್ಕೊಂಡೆ.

ಹಂಗ ಮರುದಿನದ ಇಳಿತದ ಟೈಮ್ ಕೇಳಿ ಬರ್ಕೊಂಡೆ, ಯಾಕಂದ್ರ ಪಕ್ಕದ ಟೋನ್‌ಸಾಯ್ ದಂಡಿಗೆ ನೀರು ಇಳಿದಾಗ ಗುಡ್ಡದ ಬುಡಕ್ಕ ಹಾದು ನಡ್ಕೊಂಡ ಹೋಗಬಹುದು, ತಪ್ಪಿದ್ರ ಕಾಡಿನ ದಾರಿ ಏರಬೇಕು, ಇಲ್ಲ ಮತ್ತ ದೋಣಿಗೆ ರೊಕ್ಕ ಕೊಡಬೇಕು.