ದಂಡ ಕಟ್ಟಿಲ್ಲ ಅಂತ ಪ್ರೊಬೇಷನ್ ಹಿಯರಿಂಗ್ ಬಂದಿದ್ದರೆ
ಅಮೆರಿಕದಲ್ಲಿರುವ ನಮ್ಮವರಿಗೆ: ಕೋರ್ಟಿನ ದಂಡ, ಫೀಸ್ ಕಟ್ಟಿಲ್ಲ ಅಂತ ಪ್ರೊಬೇಷನ್ (ಜೈಲಿನ ಬದಲು ಕೋರ್ಟ್ ಷರತ್ತು ಹಾಕಿ ಹೊರಗೆ ಬಿಡುವುದು) ಉಲ್ಲಂಘನೆಯ ಹಿಯರಿಂಗ್ ಬಂದಿದ್ದರೆ, ತಿಂಗಳವಾರು ಆದಾಯ ಖರ್ಚನ್ನು ಒಂದೇ ಹಾಳೆಯಲ್ಲಿ ಬರೆದು, ಪೇ ಸ್ಲಿಪ್, ಬಾಡಿಗೆ ರಸೀದಿ, ಕೆಲಸಕ್ಕೆ ಅರ್ಜಿ ಹಾಕಿದ ಇಮೇಲ್ ಎಲ್ಲ ಪಿನ್ ಹೊಡೆದು ವಕೀಲರಿಗೆ ಮೊದಲೇ ಕೊಡಿ. ಕೆಲಸ ಹೋದ ತಿಂಗಳು 20 ಡಾಲರ್ ಕಟ್ಟಿದ್ದರೂ ಆ ರಸೀದಿ ಬಿಡಬೇಡಿ. ಅಮೆರಿಕದ ಸುಪ್ರೀಂ ಕೋರ್ಟಿನ 1983ರ ಬೇರ್ಡನ್ ವರ್ಸಸ್ ಜಾರ್ಜಿಯಾ ತೀರ್ಪಿನ ಪ್ರಕಾರ, ನಿಜಕ್ಕೂ ಪ್ರಯತ್ನಪಟ್ಟೂ ಕಟ್ಟಲಾಗದವರನ್ನು, ಬೇರೆ ದಾರಿ ಇದೆಯಾ ಅಂತ ನೋಡದೆ ಸೀದಾ ಜೈಲಿಗೆ ಕಳಿಸುವಂತಿಲ್ಲ. ಸುಮ್ನೆ ಬಾಯಲ್ಲಿ ದುಡ್ಡಿರಲಿಲ್ಲ ಅಂದರೆ ಸಾಲದು. ದುಡ್ಡಿದ್ದೂ ಕಟ್ಟದಿದ್ದರೆ ಈ ವಾದ ನಡೆಯುವುದಿಲ್ಲ. ಹೊಸ ಕೇಸು, ಪ್ರೊಬೇಷನ್ ಆಫೀಸರ್‌ಗೆ ರಿಪೋರ್ಟ್ ಮಾಡದ ಆರೋಪ ಇದ್ದರೆ ಅದಕ್ಕೆ ಬೇರೆಯೇ ತಯಾರಿ ಬೇಕು. ವೀಸಾ, ಗ್ರೀನ್ ಕಾರ್ಡ್‌ನವರು ಏನನ್ನಾದರೂ ಒಪ್ಪಿಕೊಳ್ಳುವ ಮೊದಲು ಇಮಿಗ್ರೇಷನ್ ವಕೀಲರನ್ನೂ ಕೇಳಿ, ದಯವಿಟ್ಟು.