ಗ್ರಹ ನೋಡಲು ನಾನು ಐಪೀಸ್ ಆರಿಸಿಕೊಂಡ ಬಗೆ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಗೆ 2022ರ ಮಳೆಗಾಲದಲ್ಲಿ ಎಂಟು ಇಂಚಿನ ಡಾಬ್ಸೋನಿಯನ್ (ಕೈಯಿಂದ ತಳ್ಳಿ ತಿರುಗಿಸುವ, ಕನ್ನಡಿ ಬಳಸುವ ಬಗೆಯ) ದೂರದರ್ಶಕವೊಂದು ಬಂದಿತು. ಅದರ ಕನ್ನಡಿಯ ವ್ಯಾಸ 203 ಮಿ.ಮೀ., ಸಂಗಮ ದೂರ, ಅಂದರೆ ಬೆಳಕು ಒಂದೆಡೆ ಕೂಡುವ ಅಂತರ, 1200 ಮಿ.ಮೀ. ಜೊತೆಯಲ್ಲಿ 25 ಮಿ.ಮೀ. ಮತ್ತು 10 ಮಿ.ಮೀ. ಸಂಗಮ ದೂರದ, ಕಣ್ಣಿಟ್ಟು ನೋಡುವ ಸಣ್ಣ ಮಸೂರದ ಕೊಳವೆಗಳಾದ ಎರಡು ಐಪೀಸ್‌ಗಳಿದ್ದವು. ದೂರದರ್ಶಕದ ಸಂಗಮ ದೂರವನ್ನು ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. ಆ ಲೆಕ್ಕದಲ್ಲಿ ಮೊದಲನೆಯದು 48 ಪಟ್ಟು, ಎರಡನೆಯದು 120 ಪಟ್ಟು. ಆ ವರ್ಷ ಸೆಪ್ಟೆಂಬರ್ 26ರಂದು ಗುರುಗ್ರಹವು ಸೂರ್ಯನಿಗೆ ನೇರ ಎದುರಾಗಿತ್ತು. ಸುಮಾರು ಅರವತ್ತು ವರ್ಷಗಳಲ್ಲಿ ಅದು ಭೂಮಿಗೆ ಅಷ್ಟು ಸಮೀಪ ಬಂದಿರಲಿಲ್ಲ, ಬಿಂಬದ ವ್ಯಾಸ ಐವತ್ತು ಕೋನ ಸೆಕೆಂಡುಗಳ ಹತ್ತಿರವಿತ್ತು (ಒಂದು ಡಿಗ್ರಿಯ 3600ನೆಯ ಒಂದು ಭಾಗವೇ ಕೋನ ಸೆಕೆಂಡು). ಮೋಡ ಸರಿದ ಒಂದು ರಾತ್ರಿ 10 ಮಿ.ಮೀ. ಐಪೀಸಿನಲ್ಲಿ ಅದನ್ನು ನೋಡಿದ ನನಗೆ ಆದದ್ದು ನಿರಾಶೆ. 120 ಪಟ್ಟು ವರ್ಧನೆಯಲ್ಲಿ ಆ ಬಿಂಬವು ಬರಿಗಣ್ಣಿಗೆ ಕಾಣುವ ಹುಣ್ಣಿಮೆಯ ಚಂದ್ರನ ಮೂರು ಪಟ್ಟಿಗಿಂತಲೂ ದೊಡ್ಡದಾಗಿರುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬಹುದು. ಆದರೆ ಕಪ್ಪು ಹಿನ್ನೆಲೆಯಲ್ಲಿ ಹೋಲಿಸಲು ಬೇರೇನೂ ಇಲ್ಲದೆ ತೇಲುವ ಬಿಂಬ ಕಣ್ಣಿಗೆ ಬಟಾಣಿ ಕಾಳಿನಷ್ಟೇ ಎನ್ನಿಸುತ್ತದೆ. ಗ್ರಹ ನೋಡಲು ಹೊರಟವರೆಲ್ಲ ಎಡವುವುದು ಇಲ್ಲಿಯೇ, ನಾನೂ ಎಡವಿದೆ.

ಒಂದು ವಾರ ಕಳೆಯುವುದರೊಳಗೆ ಆನ್‌ಲೈನ್ ಅಂಗಡಿಯೊಂದರಿಂದ 4 ಮಿ.ಮೀ. ಐಪೀಸ್ ತರಿಸಿದೆ. ಕನ್ನಡಿಯ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ವರ್ಧನೆ ಎಂಬ ಪ್ರಸಿದ್ಧ ಮಿತಿಯ ಪ್ರಕಾರ ನನ್ನ ದೂರದರ್ಶಕ 400 ಪಟ್ಟಿನವರೆಗೂ ಹೋಗಬಹುದಾದ್ದರಿಂದ, 300 ಪಟ್ಟು ತೀರ ಸಭ್ಯವಾದ ಆಸೆ ಎಂದೇ ನಾನು ಭಾವಿಸಿದ್ದೆ. ಕಂಡದ್ದು ನೀರಿನ ತಳದಲ್ಲಿ ಅಲುಗಾಡುವ ನಾಣ್ಯದಂತಹ ಒಂದು ಮಬ್ಬು ಬಿಂಬ. ಹತ್ತರಲ್ಲಿ ಕಾಣುತ್ತಿದ್ದ ಎರಡು ಕಂದು ಪಟ್ಟೆಗಳೂ ನಾಲ್ಕರಲ್ಲಿ ಕರಗಿಹೋಗಿದ್ದವು. ಐಪೀಸ್ ಕಳಪೆ ಎಂದು ತೀರ್ಮಾನಿಸಿ ಅಂಗಡಿಯವರಿಗೆ ಖಾರವಾಗಿಯೇ ಬರೆದೆ. ಅವರಿಂದ ಉತ್ತರ ಬರಲಿಲ್ಲ; ಬರದಿದ್ದದ್ದೇ ಒಳ್ಳೆಯದಾಯಿತು, ಏಕೆಂದರೆ ತಪ್ಪಿನ ದೊಡ್ಡ ಪಾಲು ನನ್ನದಾಗಿತ್ತು.

ಇಡೀ ಹಗಲು ಬಿಸಿಲು ಕುಡಿದ ಕಾಂಕ್ರೀಟ್ ತಾರಸಿ ರಾತ್ರಿ ಹತ್ತರವರೆಗೂ ಶಾಖವನ್ನು ಬಿಡುತ್ತಲೇ ಇರುತ್ತದೆ, ಆ ಬಿಸಿಗಾಳಿ ಕೊಳವೆಯ ಮುಂದೆಯೇ ಮೇಲೇರುತ್ತದೆ. ಕೋಣೆಯೊಳಗಿನಿಂದ ಹೊರತಂದ ದಪ್ಪ ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ನಾನು ಐದು ನಿಮಿಷವೂ ಕಾದಿರಲಿಲ್ಲ. ಇವೆರಡಕ್ಕಿಂತ ಮುಖ್ಯವಾಗಿ, ಕೊಳವೆಯೊಳಗಿನ ದೊಡ್ಡ ಮತ್ತು ಸಣ್ಣ ಕನ್ನಡಿಗಳೆರಡರ ನೇರ ತಪ್ಪಿತ್ತು. ಐಪೀಸ್ ಕೂರಿಸುವ ಜಾಗದ ಮುಚ್ಚಳದ ಮಧ್ಯದಲ್ಲಿ ಸಣ್ಣ ರಂಧ್ರ ಕೊರೆದು ಅದರ ಮೂಲಕ ಇಣುಕಿ ತಿರುಪುಗಳನ್ನು ಸರಿಪಡಿಸಿದ ಮೇಲೆ, ಅದೇ ಹಳೆಯ 10 ಮಿ.ಮೀ. ಐಪೀಸಿನಲ್ಲಿ ಗುರುವಿನ ಪಟ್ಟೆಗಳ ಅಂಚು ಚೂಪಾಗಿ, ಒಂದು ರಾತ್ರಿ ಅಯೋ ಉಪಗ್ರಹದ ನೆರಳು ಶಾಯಿಯ ಚುಕ್ಕೆಯಂತೆ ಬಿಂಬವನ್ನು ದಾಟುವುದೂ ಕಂಡಿತು. ಈ ಮೂರನ್ನೂ ಸರಿಪಡಿಸುವ ಮುನ್ನ ಹೊಸ ಐಪೀಸಿಗೆ ಹಣ ಹಾಕಬಾರದೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕೇಳಿದವರು ಸಾಮಾನ್ಯವಾಗಿ ಮೊದಲು ಐಪೀಸನ್ನೇ ಕೊಳ್ಳುತ್ತಾರೆ.

ಆ ಚಳಿಗಾಲ ಪೂರ್ತಿ ಏನನ್ನೂ ಕೊಳ್ಳದೆ, ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿ ಯಾವ ವರ್ಧನೆಯವರೆಗೆ ಬಿಂಬ ಕೆಡದೆ ನಿಂತಿತು ಎಂಬುದನ್ನು ಮಾತ್ರ ಬರೆದಿಟ್ಟೆ. ಇದಕ್ಕಾಗಿ ಗೆಳೆಯರೊಬ್ಬರಿಂದ ಎರಡು ಪಟ್ಟಿನ ಬಾರ್ಲೋ ಮಸೂರವನ್ನು ಎರವಲು ಪಡೆದಿದ್ದೆ. ಅದನ್ನು ಸೇರಿಸಿದಾಗ 10 ಮಿ.ಮೀ. ಐಪೀಸ್ 5 ಮಿ.ಮೀ.ನದರಂತೆ ವರ್ತಿಸಿ 240 ಪಟ್ಟು ಕೊಡುತ್ತದೆ. ನಮ್ಮ ತಾರಸಿಯಲ್ಲಿ ಹೆಚ್ಚಿನ ರಾತ್ರಿಗಳಲ್ಲಿ 120 ಸಲೀಸು, 240 ಅತಿ ಎಂಬ ಟಿಪ್ಪಣಿಯೇ ಮತ್ತೆ ಮತ್ತೆ ಬಂದಿತ್ತು. ಪಾಂಡವಪುರದ ಬಳಿಯ ನಮ್ಮ ಮಾವನವರ ಊರಿಗೆ ದೂರದರ್ಶಕವನ್ನು ಒಯ್ದಾಗ, ಸುತ್ತಲೂ ನೀರು ನಿಂತ ಗದ್ದೆಗಳಿದ್ದ ಹಿತ್ತಿಲಿನಲ್ಲಿ, 240ರಲ್ಲಿಯೂ ಬಿಂಬ ಹಲವು ಸಲ ಕದಲದೆ ನಿಂತಿತು. ಗದ್ದೆಯ ನೀರು ಮತ್ತು ಹಸಿರು ತಾರಸಿಯಂತೆ ಕಾದು ಉಗುಳುವುದಿಲ್ಲ. ಅಲ್ಲಿಯೂ ಗಾಳಿ ಆಲೆಮನೆಯ ಕಡೆಯಿಂದ ಬೀಸಿದ ರಾತ್ರಿಗಳು ಲೆಕ್ಕಕ್ಕಿಲ್ಲ. ಕೊಪ್ಪರಿಗೆಯ ಒಲೆಯ ಶಾಖ ಮತ್ತು ಹೊಗೆಯ ಮುಂದೆ ಜಗತ್ತಿನ ಅತ್ಯುತ್ತಮ ಐಪೀಸೂ ಏನೂ ಮಾಡಲಾರದು. ಹೀಗೆ ನನಗೆ ಬೇಕಾದದ್ದು 120 ಮತ್ತು 240ರ ನಡುವೆ ಇದೆ ಎಂಬುದು ನನ್ನದೇ ಬರವಣಿಗೆಯಿಂದ ಸ್ಪಷ್ಟವಾಯಿತು. ಪೆಟ್ಟಿಗೆಯಲ್ಲಿದ್ದ ಮೂರು ಐಪೀಸ್‌ಗಳಲ್ಲಿ ಆ ನಡುವಿನ ಜಾಗಕ್ಕೆ ಒಂದೂ ಇರಲಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಉದ್ದ ಸಂಗಮ ದೂರದ ಐಪೀಸ್‌ಗಳಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ಬೆಲೆಯಿಲ್ಲ. 25ರ ಬದಲು 24 ಕೊಂಡರೆ 48 ಪಟ್ಟು 50 ಆಗುತ್ತದೆ, ಅಷ್ಟೇ. ಗ್ರಹಗಳಿಗೆ ಬೇಕಾದ ಕಿರಿದಾದ ಅಳತೆಗಳಲ್ಲಿ ಅದೇ ಒಂದು ಮಿಲಿಮೀಟರ್ ಬೇರೆಯೇ ಆಟ ಆಡುತ್ತದೆ. ನನ್ನ ದೂರದರ್ಶಕದಲ್ಲಿ 7 ಮಿ.ಮೀ. 171 ಪಟ್ಟು, 6 ಮಿ.ಮೀ. 200, 5 ಮಿ.ಮೀ. 240, 4 ಮಿ.ಮೀ. 300. ವರ್ಧನೆ ಇಮ್ಮಡಿಯಾದಾಗ ಬಿಂಬದ ಪ್ರಕಾಶ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದರಿಂದ, ಗಾಳಿ ಸ್ಥಿರವಾಗಿದ್ದರೂ ಗುರುವಿನ ಪಟ್ಟೆಗಳಂತಹ ಮೆದು ಛಾಯೆಗಳು ಮಂಕಾಗುತ್ತವೆ. ಐಪೀಸಿನಿಂದ ಹೊರಬರುವ ಬೆಳಕಿನ ಕಂಬದ ವ್ಯಾಸವನ್ನು, ಅಂದರೆ ಕನ್ನಡಿಯ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದ ಅಳತೆಯನ್ನು, ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. 6 ಮಿ.ಮೀ.ಗೆ ಅದು ಹೆಚ್ಚುಕಡಿಮೆ ಒಂದು ಮಿಲಿಮೀಟರ್, 4 ಮಿ.ಮೀ.ಗೆ 0.68. ಅಷ್ಟು ಸಣ್ಣ ಕಂಬದಲ್ಲಿ ನಮ್ಮ ಕಣ್ಣಿನೊಳಗೇ ತೇಲುವ ಎಳೆಗಳು ಗುರುವಿನ ಮೇಲೆ ಓಡಾಡತೊಡಗುತ್ತವೆ. ಐವತ್ತು ದಾಟಿದ ನನ್ನ ಕಣ್ಣಿನಲ್ಲಿ ಅವುಗಳಿಗೆ ಬರವಿಲ್ಲ.

ಆದ್ದರಿಂದ ಮೊದಲು 6 ಮಿ.ಮೀ. ಪ್ಲಾಸಲ್ ಒಂದನ್ನು ಅಗ್ಗವಾಗಿ ಕೊಂಡೆ. 1860ರಲ್ಲಿ ವಿಯೆನ್ನಾದ ಗಿಯೋರ್ಗ್ ಸೈಮನ್ ಪ್ಲಾಸಲ್ ರೂಪಿಸಿದ ಈ ವಿನ್ಯಾಸದಲ್ಲಿ ಎರಡು ಜೋಡಿ ಮಸೂರಗಳು ಎದುರುಬದುರಾಗಿ ಕೂತಿರುತ್ತವೆ. ಗಾಜು ಕಡಿಮೆಯಾದ್ದರಿಂದ ಚೆದುರುವ ಬೆಳಕೂ ಕಡಿಮೆ, ಬಿಂಬದ ಮಧ್ಯಭಾಗ ಚೊಕ್ಕ. ಬಿಂಬದ ಬಗ್ಗೆ ನನಗೆ ಇಂದಿಗೂ ದೂರಿಲ್ಲ. ತೊಂದರೆಯಿದ್ದದ್ದು ಕಣ್ಣಿಡುವುದರಲ್ಲಿ. ಪ್ಲಾಸಲ್‌ನಲ್ಲಿ ಕಣ್ಣನ್ನು ಇಡಬೇಕಾದ ಅಂತರ ಅದರ ಸಂಗಮ ದೂರದ ಸುಮಾರು ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆ. ಅಂದರೆ ಆರಕ್ಕೆ ಬರೀ ನಾಲ್ಕು ಮಿಲಿಮೀಟರ್. ಕಣ್ಣಿನ ರೆಪ್ಪೆಗೂದಲು ಗಾಜನ್ನು ಒರೆಸುತ್ತಲೇ ಇರುತ್ತದೆ, ಚಳಿಗಾಲದಲ್ಲಿ ಮುಖದ ಬಿಸಿಗೆ ಗಾಜು ಮಸುಕಾಗುತ್ತದೆ.

ಕನ್ನಡಕ ಹಾಕುವವರು ಇದರಿಂದ ಬಹಳ ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ಸಮೀಪದೃಷ್ಟಿ ಅಥವಾ ದೂರದೃಷ್ಟಿಯ ದೋಷ ಮಾತ್ರವಿದ್ದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿಕೊಂಡರೆ ಸಾಕು. ನನ್ನಂತೆ ಅಸ್ಟಿಗ್ಮ್ಯಾಟಿಸಮ್ (ಕಣ್ಣಿನ ವಕ್ರತೆ ಎಲ್ಲ ದಿಕ್ಕಿಗೂ ಒಂದೇ ಸಮನಿಲ್ಲದ ದೋಷ) ಇರುವವರಿಗೂ ಬೆಳಕಿನ ಕಂಬ ಒಂದು ಮಿಲಿಮೀಟರಿನಷ್ಟು ಸಣ್ಣದಾದಾಗ ದೋಷ ಬಹುತೇಕ ಗಮನಕ್ಕೆ ಬರುವುದಿಲ್ಲ, ಏಕೆಂದರೆ ಕಣ್ಣಿನ ಮಧ್ಯದ ಸಣ್ಣ ಭಾಗವಷ್ಟೇ ಕೆಲಸ ಮಾಡುತ್ತಿರುತ್ತದೆ. ಇದನ್ನು ತಿಳಿದ ಮೇಲೆ ನನ್ನ ಚಿಂತೆ ಕಳೆಯಿತು. ಆದರೆ ನೋಡಲು ಬರುವವರಿಗೆ ಈ ವಿವರಣೆ ಕೊಡುತ್ತಾ ಕೂರಲಾಗುವುದಿಲ್ಲ. 2023ರ ನವೆಂಬರಿನಲ್ಲಿ ಎದುರುಮನೆಯ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ತಾರಸಿಗೆ ಬಂದರು. “ಶನಿದೇವರನ್ನ ಹೀಗೆ ನೇರವಾಗಿ ನೋಡಬಹುದೇನಪ್ಪ? ಕಾಟ ಕೊಡಲ್ವ?” ಎಂದರು. “ನೂರು ಕೋಟಿ ಕಿಲೋಮೀಟರಿಗೂ ಆಚೆ ಇದ್ದಾನೆ ಅಜ್ಜಿ, ಧೈರ್ಯವಾಗಿ ನೋಡಿ” ಎಂದೆ. ಧೈರ್ಯವೇನೋ ಬಂದಿತು, ಆದರೆ ದಪ್ಪ ಕನ್ನಡಕದ ಅವರಿಗೆ ಪ್ಲಾಸಲ್‌ನ ಆ ಸಣ್ಣ ಕಿಂಡಿಯಲ್ಲಿ ಏನೂ ಕಾಣಲಿಲ್ಲ, ಕನ್ನಡಕ ತೆಗೆದರೆ ಮೆಟ್ಟಿಲೂ ಕಾಣದೆಂದು ಅವರು ಅದನ್ನು ತೆಗೆಯಲೊಪ್ಪಲಿಲ್ಲ. ಆ ಸಂಜೆಯೇ ಕಣ್ಣಿಗೆ ಹೆಚ್ಚು ಅಂತರ ಕೊಡುವ ಐಪೀಸ್ ಬೇಕೆಂದು ನಿಶ್ಚಯಿಸಿದೆ.

ಅದೇ ನವೆಂಬರಿನಲ್ಲಿ ಮತ್ತೊಂದು ಕಾರಣವೂ ಸೇರಿತು. ನನ್ನ ದೂರದರ್ಶಕಕ್ಕೆ ಗ್ರಹವನ್ನು ತಾನಾಗಿ ಹಿಂಬಾಲಿಸುವ ಮೋಟಾರ್ ಇಲ್ಲ. ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ತಿರುಗುವುದರಿಂದ, ಕಣ್ಣಿಗೆ 52 ಡಿಗ್ರಿ ಅಗಲದ ನೋಟ ಕೊಡುವ ಪ್ಲಾಸಲ್‌ನಲ್ಲಿ 200 ಪಟ್ಟು ವರ್ಧನೆಗೆ ಗ್ರಹವು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ನಿಮಿಷದಲ್ಲಿ ಸರಿದುಹೋಗುತ್ತದೆ. ತಳ್ಳಿದ ಕೂಡಲೇ ಕೊಳವೆ ಕೆಲವು ಕ್ಷಣ ಕಂಪಿಸುತ್ತದೆ. ಅದು ನಿಲ್ಲುವುದರೊಳಗೆ ಗ್ರಹ ನಡುವಿಗೆ ಬಂದಿರುತ್ತದೆ. 66 ಡಿಗ್ರಿಯ ಐಪೀಸಿನಲ್ಲಿ ಇದಕ್ಕಿಂತ ಇಪ್ಪತ್ತು ಸೆಕೆಂಡು ಹೆಚ್ಚು ಸಿಗುತ್ತದೆ. ಇಪ್ಪತ್ತು ಸೆಕೆಂಡು ಎಂದು ಹಗುರವಾಗಿ ಕಾಣಬಾರದು. ಗಾಳಿ ಒಮ್ಮೆ ನಿಶ್ಚಲವಾಗುವ ಆ ಎರಡು ಮೂರು ಸೆಕೆಂಡುಗಳಲ್ಲೇ ಗ್ರಹದ ಸೂಕ್ಷ್ಮ ವಿವರ ಕಾಣುವುದು, ಆಗ ನಮ್ಮ ಕೈ ಕೊಳವೆಯ ಮೇಲಿರಬಾರದು. ಮೈಸೂರಿನ ಅಕ್ಷಾಂಶ ಸುಮಾರು 12.3 ಡಿಗ್ರಿಯಾದ್ದರಿಂದ ಗ್ರಹಗಳು ನಮಗೆ ಬಹಳ ಎತ್ತರದಲ್ಲಿ ಸಾಗುತ್ತವೆ. ಯೂರೋಪಿನವರು ಅಸೂಯೆಪಡುವ ಭಾಗ್ಯವಿದು, ಏಕೆಂದರೆ ಎತ್ತರದಲ್ಲಿ ನಾವು ಭೇದಿಸಬೇಕಾದ ವಾತಾವರಣ ತೆಳು. ಆದರೆ ಆ ವರ್ಷ ಗುರು ಬಹುತೇಕ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತಿತ್ತು. ಡಾಬ್ಸೋನಿಯನ್ ಅನ್ನು ನೆತ್ತಿಯ ಬಳಿ ತಿರುಗಿಸುವುದು ಕುಳಿತ ಎಮ್ಮೆಯನ್ನು ಎಬ್ಬಿಸಿದ ಹಾಗೆ. ಗ್ರಹ ನೆತ್ತಿಗೆ ಬರುವ ಒಂದು ಗಂಟೆ ಮೊದಲು ಅಥವಾ ನಂತರ ನೋಡುವುದನ್ನೂ, ಅಗಲ ನೋಟದ ಐಪೀಸ್ ಬಳಸುವುದನ್ನೂ ಹೀಗೆ ರೂಢಿಸಿಕೊಂಡೆ.

ಅಗಲ ನೋಟದವುಗಳಲ್ಲಿ ಒಂದು ಎಚ್ಚರ ಬೇಕು. ನನ್ನ ಕನ್ನಡಿಯ ಅನುಪಾತ, ಅಂದರೆ ಸಂಗಮ ದೂರವನ್ನು ವ್ಯಾಸದಿಂದ ಭಾಗಿಸಿದ ಅಳತೆ, f/5.9; ಇಷ್ಟು ಕಡಿದಾದ ಬೆಳಕಿನ ಶಂಕುವನ್ನು ಅಗ್ಗದ ಅಗಲ ಐಪೀಸ್‌ಗಳು ಅಂಚಿನಲ್ಲಿ ಸರಿಯಾಗಿ ಕೂಡಿಸಲಾರವು. ಅಂಚಿನಿಂದ ಅಂಚಿಗೆ ಗ್ರಹವನ್ನು ತೇಲಲು ಬಿಡುವ ನನ್ನಂಥವರಿಗೆ ಅಂಚು ಕೆಟ್ಟಿದ್ದರೆ ಅಗಲವಿದ್ದೂ ಲಾಭವಿಲ್ಲ. ಹಾಗಾಗಿ ಕೊಳ್ಳುವ ಮುನ್ನ ಪರಿಚಯದ ಹವ್ಯಾಸಿಗಳಿಂದ ಎರವಲು ತಂದು, ಒಂದೇ ರಾತ್ರಿ, ಒಂದೇ ಗ್ರಹದ ಮೇಲೆ, ಹತ್ತು ಹತ್ತು ನಿಮಿಷಕ್ಕೆ ಬದಲಿಸಿ ನೋಡಿದೆ. ಬೇರೆ ಬೇರೆ ರಾತ್ರಿಗಳ ಹೋಲಿಕೆ ಐಪೀಸಿನ ಹೋಲಿಕೆಯಲ್ಲ, ಗಾಳಿಯ ಹೋಲಿಕೆ. ಗುರುವನ್ನು ಅಂಚಿಗೆ ತಂದಾಗ ಅದು ಮೊಟ್ಟೆಯಾಕಾರಕ್ಕೆ ತಿರುಗುವುದೇ, ಬಿಂಬದ ಸುತ್ತ ಮಂಜಿನಂಥ ಬೆಳಕು ಹರಡುವುದೇ, ಎದುರು ಬದಿಯಲ್ಲಿ ಮಂಕಾದ ಎರಡನೆಯ ಗುರುವೊಂದು ಭೂತದಂತೆ ಈಜುವುದೇ ಎಂಬ ಮೂರನ್ನು ನೋಡಿದರೆ ಐಪೀಸಿನ ಜಾತಕ ಸಾಕಷ್ಟು ತಿಳಿಯುತ್ತದೆ.

ಕೊನೆಗೆ ಉಳಿದವು 66 ಡಿಗ್ರಿಯ 9 ಮಿ.ಮೀ. ಮತ್ತು 6 ಮಿ.ಮೀ.ಗಳು, ಅವುಗಳ ನಡುವೆ 58 ಡಿಗ್ರಿಯ ಒಂದು 7 ಮಿ.ಮೀ. ಹತ್ತಿರ ಹತ್ತಿರದ ಮೂರು ಅಳತೆಗಳೇಕೆ ಎಂದು ಮನೆಯವರೂ ಕೇಳಿದ್ದಾರೆ. 133, 171, 200 ಎಂಬ ಈ ಮೂರು ಮೆಟ್ಟಿಲುಗಳಲ್ಲೇ ನಮ್ಮೂರಿನ ಆಕಾಶ ಏರಿಳಿಯುತ್ತದೆ ಎಂಬುದೇ ಉತ್ತರ. ಗುರುವಿಗೆ ನಾನು ಹೆಚ್ಚು ಬಳಸುವುದು 7. ಶನಿಯ ಬಳೆಗಳ ಅಂಚು ಗಡುಸಾದ್ದರಿಂದ ಅದು 6 ಅನ್ನು ಸಲೀಸಾಗಿ ತಾಳುತ್ತದೆ. ಮಂಗಳ ಪ್ರಖರವೂ ಚಿಕ್ಕದೂ ಆದ್ದರಿಂದ ಇನ್ನೂ ಹೆಚ್ಚನ್ನು ಕೇಳುತ್ತದೆ; 2025ರ ಜನವರಿಯಲ್ಲಿ ಅದು ಎದುರಾದಾಗ ಬಿಂಬ ಹದಿನಾಲ್ಕೂವರೆ ಕೋನ ಸೆಕೆಂಡಿನಷ್ಟೇ ಇತ್ತು, 10 ಮಿ.ಮೀ.ಗೆ ಬಾರ್ಲೋ ಸೇರಿಸಿಯೇ ಅದರ ಕಪ್ಪು ಛಾಯೆಗಳನ್ನು ನೋಡಿದೆ. ದಸರಾ ದೀಪಗಳ ಬೆಳಕಿನಿಂದ ಗ್ರಹವೀಕ್ಷಣೆಗೆ ಅಡ್ಡಿಯಿಲ್ಲ, ಅದು ನೀಹಾರಿಕೆ ನೋಡುವವರ ಸಂಕಟ.

ಮಳೆಗಾಲದಲ್ಲಿ ಐಪೀಸ್‌ಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ನನ್ನ ಹಳೆಯ ಪ್ಲಾಸಲ್‌ನ ಒಳಗಾಜಿನ ಮೇಲೆ ಬೂಷ್ಟಿನ ಎಳೆ ಹಬ್ಬಿದ್ದು ಹಾಗೆಯೇ. ಈಗ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಅಡುಗೆಮನೆಯ ಡಬ್ಬಿಯೇ ಅವುಗಳ ಮನೆ.

ಮೊದಲು ಬೈದುಕೊಂಡಿದ್ದ ಆ 4 ಮಿ.ಮೀ. ಐಪೀಸೂ ಅದೇ ಡಬ್ಬಿಯಲ್ಲಿದೆ. ಗ್ರಹ ನೋಡಲು ಅದನ್ನು ತೆಗೆಯುವುದಿಲ್ಲ. ವೀಕ್ಷಣೆಗೆ ಮುನ್ನ ಒಂದು ನಕ್ಷತ್ರವನ್ನು ನಡುವಿಗೆ ತಂದು, ಫೋಕಸ್ ತುಸು ತಪ್ಪಿಸಿ, ಅದರ ಸುತ್ತ ಮೂಡುವ ಉಂಗುರಗಳು ಏಕಕೇಂದ್ರವಾಗಿವೆಯೇ ಎಂದು ಕನ್ನಡಿಗಳ ನೇರವನ್ನು ಪರೀಕ್ಷಿಸಲು 300 ಪಟ್ಟು ಬಹಳ ಅನುಕೂಲ.